ಕಣ್ಣಿನ ಪ್ರಾರ್ಥನೆ: ಹಳೇ ಜಗಳ, ಹೊಸ ಹೆಸರು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಅಂಗೈ ಮೇಲೆ ಇಷ್ಟಲಿಂಗ ಹಿಡಿದು, ರೆಪ್ಪೆ ಬಡಿಯದೆ ಕೂತವರನ್ನು ಕಂಡರೆ ಯಾರಿಗೂ ಅಚ್ಚರಿ ಇಲ್ಲ. ಪೂಜೆಗೆ ಕೂತಿದ್ದಾರೆ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಅದೇ ಒಬ್ಬ ಕ್ರೈಸ್ತ ಯೇಸುವಿನ ಚಿತ್ರದ ಮುಂದೆ ಅರ್ಧ ತಾಸು ಮಾತಿಲ್ಲದೆ ಕೂತರೆ (ಈ ಬಗೆಯ ಪ್ರಾರ್ಥನೆಗೆ ಈಗ 'ವಿಸಿಯೊ ದಿವೀನಾ', ಅಂದರೆ ದೈವಿಕ ನೋಟ, ಎಂಬ ಹೆಸರಿದೆ) ಪ್ರಶ್ನೆ ಏಳುತ್ತದೆ. ಅದೂ ಹೊರಗಿನವರಿಂದಲ್ಲ, ಕ್ರೈಸ್ತರಿಂದಲೇ: ಇದು ಮೂರ್ತಿಪೂಜೆ ಅಲ್ವಾ?

ಈ ಪ್ರಶ್ನೆಗೆ ಸುಮಾರು 1300 ವರ್ಷ ವಯಸ್ಸು. 8ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ (ಇಂದಿನ ಇಸ್ತಾಂಬುಲ್) ಚಕ್ರವರ್ತಿ 3ನೇ ಲಿಯೊ ಪವಿತ್ರ ಚಿತ್ರಗಳನ್ನು ತೆಗೆಸಲು ಹೊರಟ. ಅವನಿಗೆ ಎದುರಾಗಿ ಬರೆದವನು ದಮಾಸ್ಕಸ್‌ನ ಕ್ರೈಸ್ತ ಸನ್ಯಾಸಿ ಯೋಹಾನ. ಯೋಹಾನ ಇದ್ದದ್ದು ಮುಸ್ಲಿಂ ಅರಸರಾದ ಖಲೀಫರ ನಾಡಿನಲ್ಲಿ. ಹಾಗಾಗಿ ಕ್ರೈಸ್ತ ಚಕ್ರವರ್ತಿಯ ಕೈ ಅವನವರೆಗೆ ಚಾಚಲಿಲ್ಲ! ಅವನ ವಾದ ಸರಳ. ದೇವರು ಮನುಷ್ಯನಾಗಿ ಬಂದು ಕಣ್ಣಿಗೆ ಕಂಡ. ಕಂಡವನನ್ನು ಚಿತ್ರಿಸಬಹುದು. ಗೌರವ ಸಲ್ಲುವುದು ಹಲಗೆಗೂ ಬಣ್ಣಕ್ಕೂ ಅಲ್ಲ, ಅದರಲ್ಲಿ ಕಾಣುವವನಿಗೆ. 787ರಲ್ಲಿ ನೈಸಿಯಾದಲ್ಲಿ ಕೂಡಿದ ಬಿಷಪ್ಪರ ಮಹಾಸಭೆ ಈ ಮಾತನ್ನು ಒಪ್ಪಿತು. ಆದರೂ ಜಗಳ ತಣ್ಣಗಾಗಿದ್ದು 843ರಲ್ಲಿ.

ನಮ್ಮ ಕಡೆಯವರಿಗೆ ಇದು ತೀರಾ ಪರಕೀಯ ಅನ್ನಿಸಬೇಕಿಲ್ಲ. ಬೆಂಕಿ ಕಂಡರೆ ಮುರುಟುವ ದೇವರು ಬೇಡ ಎಂದವನು ಬಸವಣ್ಣ. ಆದರೆ ಅಂಗೈ ಲಿಂಗದ ಮೇಲಿನ ನೋಟವನ್ನು ಶರಣರು ಬಿಡಲಿಲ್ಲ. ಎರಡೂ ಕಡೆ ಪ್ರಶ್ನೆ ಒಂದೇ: ಕಣ್ಣು ವಸ್ತುವಿನಲ್ಲೇ ನಿಂತುಬಿಡುತ್ತದೋ, ಅದನ್ನು ದಾಟಿ ಹೋಗುತ್ತದೋ?

ಪಶ್ಚಿಮದ, ಅಂದರೆ ರೋಮಿನ, ಚರ್ಚಿನ ದಾರಿ ಬೇರೆ. 600ರ ಹೊತ್ತಿಗೆ ಪೋಪ್ ಮೊದಲನೇ ಗ್ರೆಗೊರಿ, ಅಕ್ಷರ ಬಾರದವರು ಗೋಡೆಯ ಚಿತ್ರ ನೋಡಿ ಕಲಿಯಲಿ ಎಂದ. ಚಿತ್ರಗಳು ಉಳಿದವು, ನಿಜ. ಆದರೆ ಓದು ಬಂದವನಿಗೆ ಚಿತ್ರ ಬೇಕಿಲ್ಲ ಎಂಬ ಭಾವನೆಯೂ ಅಲ್ಲಿಂದಲೇ ಬಂದಿರಬೇಕು ಅಂತ ನನಗನ್ನಿಸುತ್ತದೆ. 12ನೇ ಶತಮಾನದ ಸನ್ಯಾಸಿ 2ನೇ ಗೀಗೊ ಪ್ರಾರ್ಥನೆಗೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮೆಲುಕು, ಬೇಡಿಕೆ, ಮೌನ. ಮೊದಲ ಮೆಟ್ಟಿಲು ಪುಸ್ತಕವೇ. ಈಗ 'ವಿಸಿಯೊ ದಿವೀನಾ' ಎಂಬ ಲ್ಯಾಟಿನ್ ಹೆಸರಲ್ಲಿ ಹರಡಿರುವ ಪದ್ಧತಿ ಹೆಚ್ಚುಕಡಿಮೆ ಇದೇ ಮೆಟ್ಟಿಲುಗಳನ್ನು ಹತ್ತುತ್ತದೆ. ಓದಿನ ಜಾಗದಲ್ಲಿ ನೋಟ ಇದೆ, ಅಷ್ಟೇ. ಚಿತ್ರದ ಮೇಲೆ ಕಣ್ಣು ಸುಮ್ನೆ ಓಡಾಡಲಿ ಅಂತ ಬಿಡುತ್ತಾರೆ. ಎಲ್ಲಿ ನಿಲ್ಲುತ್ತದೋ ಅಲ್ಲಿ ಕಾಯುತ್ತಾರೆ. ಅದು ಒಂದು ಕೈಯೋ, ಮೂಲೆಯ ಕತ್ತಲೋ ಆಗಬಹುದು. ಆಮೇಲೆ ಇಡೀ ಚಿತ್ರವನ್ನು ಮತ್ತೊಮ್ಮೆ ನೋಡಿ, ಮನಸ್ಸಿಗೆ ಬಂದದ್ದನ್ನು ದೇವರ ಮುಂದೆ ಇಡುತ್ತಾರೆ. ಚಿತ್ರಕಾರ ಯಾರು, ಶೈಲಿ ಯಾವುದು ಎಂಬ ವಿಚಾರ ಅಲ್ಲಿ ಬರುವುದಿಲ್ಲ.

ನಿಸರ್ಗ ನೋಡುವುದಕ್ಕಂತೂ ಯೇಸುವಿನ ಮಾತೇ ಆಧಾರ. ಹೊಲದ ಹೂಗಳನ್ನು ಗಮನಿಸಿ ಎಂದ ಆತ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1225ರ ಸುಮಾರಿಗೆ ಸೂರ್ಯನನ್ನು ಅಣ್ಣ, ಚಂದ್ರನನ್ನು ಅಕ್ಕ ಎಂದು ಹಾಡಿದ. ಆಗ ಕಣ್ಣುಬೇನೆಯಿಂದ ಅವನಿಗೆ ಬೆಳಕು ನೋಡುವುದೇ ಕಷ್ಟವಾಗಿತ್ತು. ಯೇಸುಸಭೆ (ಜೆಸುಯಿಟ್ ಪಾದ್ರಿಗಳ ಸಂಘ) ಕಟ್ಟಿದ ಇಗ್ನೇಷಿಯಸ್‌ಗೆ 1522ರಲ್ಲಿ ಒಳಗಣ್ಣು ತೆರೆದದ್ದು ಸ್ಪೇನ್‌ನ ಕಾರ್ಡೊನೇರ್ ಹೊಳೆಯ ಕಡೆ ಮುಖಮಾಡಿ ಕೂತಾಗ. ಅದೇ ಯೇಸುಸಭೆಯ ಪಾದ್ರಿಗಳು ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ವಿರಕ್ತ ಮಠದ ಹೆಸರಲ್ಲೇ ಆಶ್ರಮ ಮಾಡಿ, ಕಾವಿ ಉಟ್ಟು, ಸಸ್ಯಾಹಾರಿಗಳಾಗಿ ಬಾಳಿದರು.

ಎದುರು ದಿಕ್ಕಿನಿಂದ ಬಂದವರೂ ಇದ್ದಾರೆ. 1529ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಜನ ಚರ್ಚುಗಳಿಗೆ ನುಗ್ಗಿ ವಿಗ್ರಹ, ಚಿತ್ರಗಳನ್ನು ಒಡೆದು ಸುಟ್ಟರು. ಆ ಊರಿನಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1851ರಲ್ಲಿ ಗುಳೇದಗುಡ್ಡಕ್ಕೆ ಬಂತು. ಈ ಪ್ರೊಟೆಸ್ಟೆಂಟ್ ಪರಂಪರೆಯಲ್ಲಿ ಪ್ರಾರ್ಥನೆ ಅಂದರೆ ವಾಕ್ಯ ಕೇಳುವುದು, ಗೀತೆ ಹಾಡುವುದು. ಗೋಡೆ ಖಾಲಿ. ಖಣದ ಬಣ್ಣಗಳಿಗೆ ಹೆಸರಾದ ನೇಕಾರರ ಊರಿಗೆ ಬಣ್ಣವಿಲ್ಲದ ಗೋಡೆಯ ಧರ್ಮ ಬಂದದ್ದು ವಿಚಿತ್ರವೇ.

ಕ್ಯಾಥೊಲಿಕರಲ್ಲಿ ಚಿತ್ರಗಳಿಗೆ ಬರ ಇರಲಿಲ್ಲ. ಆದರೆ ಅವು ಬಹುಪಾಲು ಯುರೋಪಿನ ಮುಖಗಳು. ಗೋವಾದಲ್ಲಿ ಹುಟ್ಟಿದ ಚಿತ್ರಕಾರ ಏಂಜೆಲೊ ದ ಫೊನ್ಸೆಕಾ (1902–1967) ಮರಿಯಮ್ಮನಿಗೆ ಸೀರೆ ಉಡಿಸಿ ಬರೆದ. ಅದಕ್ಕೆ ತನ್ನವರಿಂದಲೇ ಬೈಗುಳ ತಿಂದು ಪುಣೆಯ ಒಂದು ಕ್ರೈಸ್ತ ಆಶ್ರಮ ಸೇರಿದ. ಆ ಎರಡೂ ಊರುಗಳಿಗೆ ನಮ್ಮ ಕಡೆಯ ನಂಟಿದೆ: 1953ರಲ್ಲಿ ಬೆಳಗಾವಿ ಧರ್ಮಪ್ರಾಂತ (ಬಿಷಪ್ಪರ ಆಡಳಿತದ ಪ್ರದೇಶ) ಆಗಿದ್ದು ಪುಣೆ, ಗೋವಾ ಎರಡರ ಭಾಗ ಸೇರಿಯೇ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಗೆ ಜನರ ಭಾಷೆ ತಂದಿತು, ಆಯಾ ನಾಡಿನ ಕಲೆಗೂ ಬಾಗಿಲು ತೆರೆಯಿತು. ಆಮೇಲೆ ಬೆಂಗಳೂರು ಬಳಿ ಜ್ಯೋತಿ ಸಾಹಿ ಅವರಂಥ ಕಲಾವಿದರು ಇದೇ ದಾರಿಯಲ್ಲಿ ಕೆಲಸ ಮಾಡಿದರು.

ಹೀಗೆ ನೋಡಲು 'ವಿಸಿಯೊ ದಿವೀನಾ' ಎಂಬ ಹೊಸ ಹೆಸರಿನ ಶಿಬಿರಕ್ಕೆ ಹೋಗಲೇಬೇಕು ಅಂತೇನಿಲ್ಲ. ಬದಾಮಿಯ ಕೆಂಪು ಬಂಡೆಗಳಿವೆ, ಮಳೆಗಾಲದ ಗೋಕಾಕ ಫಾಲ್ಸ್ ಇದೆ, ತೆನೆ ಬಿಟ್ಟ ಬಿಳಿಜೋಳದ ಹೊಲಗಳಿವೆ. ಚಿತ್ರವೇ ಬೇಕೆಂದರೆ ಕ್ಯಾಥೊಲಿಕ್ ಚರ್ಚಿನ ಗೋಡೆ ಮೇಲೆ ಯೇಸು ಶಿಲುಬೆ ಹೊತ್ತು ಸಾಗಿದ 'ಶಿಲುಬೆಯ ಹಾದಿ'ಯ 14 ದೃಶ್ಯಗಳು ಇದ್ದೇ ಇರುತ್ತವೆ. ಆ ಸಂಖ್ಯೆಯನ್ನು 1731ರಲ್ಲಿ ಪೋಪ್ 12ನೇ ಕ್ಲೆಮೆಂಟ್ ಗೊತ್ತುಮಾಡಿದ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಎಲ್ಲರೂ ಪುಸ್ತಕ ಹಿಡಿದು, ಓದುತ್ತಾ, ಒಂದರಿಂದ ಇನ್ನೊಂದಕ್ಕೆ ನಡೆಯುತ್ತಾರೆ. ಕಣ್ಣು ಜಾಸ್ತಿ ಇರುವುದು ಪುಸ್ತಕದ ಮೇಲೇ. ಬೇರೆ ದಿನ ಒಬ್ಬರೇ ಹೋಗಿ, ಹದಿನಾಲ್ಕರಲ್ಲಿ ಒಂದನ್ನು ಆರಿಸಿ, ಕಾಲು ತಾಸು ಅದರ ಮುಂದೆ ನಿಲ್ಲಬಹುದು. ಉಳಿದ ಹದಿಮೂರಕ್ಕೆ ಇನ್ನೊಂದು ದಿನ ಇದ್ದೇ ಇದೆ.