ಬಾಗಬೇಕು, ತಿರುಚಿಕೊಳ್ಳಬಾರದು: ಕಿರುರಂಧ್ರ ಶಸ್ತ್ರಚಿಕಿತ್ಸೆಯ ಹೊಲಿಗೆ ಉಪಕರಣಗಳು

ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಕೆಲವೇ ಸಣ್ಣ ರಂಧ್ರಗಳ ಮೂಲಕ ನಡೆಸುವ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸುವುದು, ಸುಡುವುದು, ಹಿಡಿದೆಳೆಯುವುದು ಎಲ್ಲ ಒಂದು ತೂಕವಾದರೆ ಹೊಲಿಯುವುದೇ ಇನ್ನೊಂದು ತೂಕ. ಬಾಗುವ ಉಪಕರಣಗಳ ವಿನ್ಯಾಸವನ್ನು ಹೊಸದಾಗಿ ಓದುವವರು ಸಾಮಾನ್ಯವಾಗಿ ಕೊಳವೆಯಿಂದ ಆರಂಭಿಸುತ್ತಾರೆ: ಎಷ್ಟು ತೆಳ್ಳಗಿದೆ, ಎಷ್ಟು ಬಾಗುತ್ತದೆ ಎಂದು. ನಾನೂ ಹಾಗೆಯೇ ಆರಂಭಿಸಿದ್ದೆ. ಈಗ ಹೇಳುವುದಾದರೆ, ಸೂಜಿಯಿಂದ ಆರಂಭಿಸಿ. ಉಪಕರಣದ ಯಾವ ಭಾಗ ಬಾಗಬೇಕು, ಯಾವುದು ಪೆಡಸಾಗಿರಬೇಕು ಎಂಬುದನ್ನು ಸೂಜಿಯೇ ಹೇಳುತ್ತದೆ.

ಸೂಜಿಯ ಬೇಡಿಕೆ

ಶಸ್ತ್ರಚಿಕಿತ್ಸೆಯ ಬಾಗಿದ ಸೂಜಿ ಒಂದು ವೃತ್ತದ ತುಂಡು. ಅರ್ಧ ವೃತ್ತ ಅಥವಾ ಎಂಟರಲ್ಲಿ ಮೂರು ಭಾಗ. ಅದರ ಮೊನೆ ಅಂಗಾಂಶವನ್ನು ಲಂಬವಾಗಿ ಹೊಕ್ಕು, ಆಮೇಲೆ ತನ್ನದೇ ವೃತ್ತದ ಹಾದಿಯಲ್ಲಿ ಸಾಗಬೇಕು. ನೇರವಾಗಿ ತಳ್ಳಿದರೆ ಸೂಜಿಯ ಬೆನ್ನು ಅಂಗಾಂಶವನ್ನು ಸೀಳಿ ರಂಧ್ರವನ್ನು ದೊಡ್ಡದು ಮಾಡುತ್ತದೆ. ಇಕ್ಕಳ ಸೂಜಿಯನ್ನು ನಡುವಿಗಿಂತ ತುಸು ಹಿಂದೆ ಹಿಡಿದಿರುತ್ತದೆ, ಆದರೆ ವೃತ್ತದ ಕೇಂದ್ರ ಇರುವುದು ಸೂಜಿಯಿಂದ ದೂರದ ಒಂದು ಬಿಂದುವಿನಲ್ಲಿ. ಆದ್ದರಿಂದ ಇಕ್ಕಳದ ಬಾಯಿ ಆ ಬಿಂದುವನ್ನು ಸುತ್ತುತ್ತಲೇ ತಾನೂ ಹೊರಳಬೇಕು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಮಣಿಕಟ್ಟು ಈ ಕೆಲಸವನ್ನು ನಮ್ಮ ಅರಿವಿಗೆ ಬಾರದಂತೆ ಮಾಡಿ ಮುಗಿಸುತ್ತದೆ.

ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ನಡೆಸುವ ಶಸ್ತ್ರಚಿಕಿತ್ಸೆಯ ನೇರವಾದ ಉಪಕರಣಕ್ಕೆ ಆ ಮಣಿಕಟ್ಟಿಲ್ಲ. ರಂಧ್ರವೇ ಸನ್ನೆಕೋಲಿನ ಆಧಾರವಾಗುವುದರಿಂದ ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ಸಿಗುವುದು ನಾಲ್ಕೇ ಚಲನೆಗಳು: ಎಡ-ಬಲ, ಮೇಲೆ-ಕೆಳಗೆ, ಒಳ-ಹೊರ, ತನ್ನ ಅಕ್ಷದ ಸುತ್ತ ತಿರುಗುವುದು; ಜೊತೆಗೆ ಬಾಯಿ ತೆರೆದು ಮುಚ್ಚುವುದು. ಗಾಯದ ಗೆರೆ ಉಪಕರಣದ ಉದ್ದಕ್ಕೇ ಇದ್ದರೆ ಕೋಲನ್ನು ತಿರುಗಿಸಿ, ತುಸು ಸರಿಸಿ ಹೊಲಿಯಬಹುದು. ಗೆರೆ ಅಡ್ಡಲಾಗಿದ್ದರೆ ಸೂಜಿಯ ಸಮತಲವೇ ಹೊಂದುವುದಿಲ್ಲ. 2000ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಪಡೆದ ಡಾ ವಿಂಚಿ ಶಸ್ತ್ರಚಿಕಿತ್ಸಾ ರೋಬಾಟ್ ತನ್ನ 8 ಮಿಲಿಮೀಟರ್ ಉಪಕರಣದ ತುದಿಗೆ ಎರಡು ಕೀಲುಗಳನ್ನು ಸೇರಿಸಿ, ಬಾಯಿಯ ಚಲನೆಯೂ ಸೇರಿ ಏಳು ಚಲನೆಗಳನ್ನು ಕೊಟ್ಟಿತು. ಆದರೂ ಕೋಲು ನೇರವೇ. ಬಾಯಿಯ ಮೂಲಕ ಜಠರಕ್ಕೆ ಹೋಗುವಂತೆ ದಾರಿಯೇ ಬಾಗಿದ್ದರೆ ಕೋಲೂ ಬಾಗಬೇಕು. ನಮ್ಮ ವಿಷಯ ನಿಜವಾಗಿ ಶುರುವಾಗುವುದು ಇಲ್ಲಿ.

ಎಷ್ಟು ಬಾಗಬಹುದು

ಇದಕ್ಕೆ ಒಂದು ಸಾಲಿನ ಲೆಕ್ಕ ಸಾಕು. ತಂತಿ ಬಾಗಿದಾಗ ಅದರ ಹೊರಮೈ ಹಿಗ್ಗುವ ಪ್ರಮಾಣ ಎಂದರೆ ತಂತಿಯ ತ್ರಿಜ್ಯವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದಷ್ಟು. ಅರ್ಧ ಮಿಲಿಮೀಟರ್ ದಪ್ಪದ ತಂತಿಯನ್ನು 5 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ 0.25ನ್ನು 5ರಿಂದ ಭಾಗಿಸಬೇಕು; ಉತ್ತರ ಶೇ. 5. ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ಶೇ. 1 ಮುಟ್ಟುವ ಮೊದಲೇ ಶಾಶ್ವತವಾಗಿ ಬಾಗಿಬಿಡುತ್ತದೆ. ನಿಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ಸುಮಾರು ಶೇ. 8ರವರೆಗೂ ಹಿಗ್ಗಿ ಮೊದಲಿನ ಆಕಾರಕ್ಕೆ ಮರಳಬಲ್ಲದು. ಬಾಗುವ ಉಪಕರಣಗಳ ಬೆನ್ನೆಲುಬಾಗಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಆದರೆ ಒಮ್ಮೆ ಮರಳುವುದು ಬೇರೆ, ಸಾವಿರ ಸಲ ಬಾಗಿಯೂ ಮುರಿಯದಿರುವುದು ಬೇರೆ. ಬಳಕೆಯ ವಿನ್ಯಾಸದಲ್ಲಿ ಆ ಮಿತಿಗಿಂತ ಬಹಳ ಕೆಳಗೇ ನಿಲ್ಲಬೇಕು.

ತೆಳ್ಳಗೆ ಮಾಡಿದಷ್ಟೂ ಇನ್ನೊಂದು ತೊಂದರೆ ಬೆಳೆಯುತ್ತದೆ. ಬಾಗದೆ ತಡೆಯುವ ಶಕ್ತಿ ವ್ಯಾಸದ ನಾಲ್ಕನೇ ಘಾತವನ್ನು ಅವಲಂಬಿಸಿದೆ. ವ್ಯಾಸ ಅರ್ಧವಾದರೆ ಆ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೂಜಿಯ ಮೊನೆ ಅಂಗಾಂಶಕ್ಕೆ ಒತ್ತಿದಾಗ ಸೂಜಿ ಒಳಹೋಗುವ ಬದಲು ಕೋಲೇ ಹಿಂದಕ್ಕೆ ಬಾಗುತ್ತದೆ. ಒಳಗೆ ಸಾಗುವಾಗ ಮೆತ್ತಗಿದ್ದು, ಹೊಲಿಯುವಾಗ ಗಟ್ಟಿಯಾಗುವ ಕೊಳವೆಗಳ ಸಂಶೋಧನೆ ಹುಟ್ಟಿದ್ದು ಇದಕ್ಕಾಗಿ. ಒಂದರ ಮೇಲೊಂದಿಟ್ಟ ತೆಳು ಹಾಳೆಗಳ ನಡುವಿನ ಗಾಳಿಯನ್ನು ಹೀರಿದರೆ ಹಾಳೆಗಳು ಒಂದನ್ನೊಂದು ಕಚ್ಚಿಕೊಂಡು ಇಡೀ ಕೊಳವೆ ಬಿಗಿಯುತ್ತದೆ. ನನಗೆ ತುಂಬ ಇಷ್ಟವಾದ ಉಪಾಯ ಇದು.

ತಿರುಚು

ನನ್ನ ಪ್ರಕಾರ ಇಡೀ ವಿಷಯದ ಹೃದಯ ಇದು. ಬಾಗಿರುವ ಉಪಕರಣದಿಂದ ಸೂಜಿಯನ್ನು ಹೊರಳಿಸಬೇಕಾದರೆ, ಹಿಂತುದಿಯಲ್ಲಿ ಕೊಟ್ಟ ತಿರುಗು ಬಾಗಿನ ಮೂಲಕ ಹಾದು ಮುಂತುದಿಯನ್ನು ತಲುಪಬೇಕು, ಬಾಗಿನ ದಿಕ್ಕು ಮಾತ್ರ ಇದ್ದಲ್ಲೇ ಇರಬೇಕು. ಬಾಗು ಕೂಡ ಕೋಲಿನ ಜೊತೆ ತಿರುಗಿದರೆ ತುದಿ ಗಾಳಿಯಲ್ಲಿ ಶಂಕುವಿನಂತೆ ಸುತ್ತಿ, ಸೂಜಿ ಗಾಯದಿಂದ ಆಚೆ ಹಾರಿಹೋಗುತ್ತದೆ. ಹಾಗಾಗಿ ಕೋಲು ಒಂದು ಕಡೆ ತಿರುಗಿದಷ್ಟೂ, ಕೊಳವೆಯ ಉದ್ದಕ್ಕೂ ಹಾದು ಅದನ್ನು ಎಳೆದು ಬಾಗಿಸುವ ಕೇಬಲ್‌ಗಳು ವಿರುದ್ಧವಾಗಿ ಲೆಕ್ಕ ಸರಿಪಡಿಸುತ್ತಿರಬೇಕು. ಕೊಳವೆಯೂ ಸುಲಭವಾಗಿ ಬಾಗುವಂತಿದ್ದು ತಿರುಚಿಕೊಳ್ಳದಂತಿರಬೇಕು. ಬರೀ ಸುರುಳಿ ಸ್ಪ್ರಿಂಗ್ ಇಲ್ಲಿ ಸೋಲುತ್ತದೆ: ಅದು ಚೆನ್ನಾಗಿ ಬಾಗುತ್ತದೆ, ಆದರೆ ಹಿಂದೆ ತಿರುಗಿಸಿದರೆ ಮುಂತುದಿ ತಡವಾಗಿ, ಕಡಿಮೆ ತಿರುಗುತ್ತದೆ. ಜಡೆಯಂತೆ ಹೆಣೆದ ತಂತಿಯ ಪದರ ಈ ಕೊರತೆಯನ್ನು ಬಹಳಮಟ್ಟಿಗೆ ತುಂಬುತ್ತದೆ.

ಕೇಬಲ್‌ಗಳು ಮಾಡುವ ಮೋಸ

ಸೈಕಲ್ಲಿನ ಬ್ರೇಕ್ ಕೇಬಲ್ ಒಂದು ಸಿಕ್ಕರೆ ಪ್ರಯೋಗ ಮಾಡಿ. ಹೊದಿಕೆಯನ್ನು ನೇರವಾಗಿಟ್ಟು ಒಳತಂತಿಯನ್ನು ಎಳೆಯಿರಿ, ಆಮೇಲೆ ಹೊದಿಕೆಯನ್ನು ಒಂದು ಸುತ್ತು ಸುತ್ತಿ ಎಳೆಯಿರಿ. ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಘರ್ಷಣೆಯ ನಷ್ಟ ನಿಂತಿರುವುದು ಬಾಗಿನ ತ್ರಿಜ್ಯದ ಮೇಲಲ್ಲ, ಒಟ್ಟು ಬಾಗಿದ ಕೋನದ ಮೇಲೆ; ಅದೂ ಘಾತೀಯವಾಗಿ. ಘರ್ಷಣಾಂಕ 0.15 ಎಂದುಕೊಂಡರೆ, ತುದಿಯಲ್ಲಿ 10 ನ್ಯೂಟನ್ ಬೇಕಿದ್ದಾಗ ಅರ್ಧ ಸುತ್ತಿಗೆ ಸುಮಾರು 16, ಪೂರ್ತಿ ಸುತ್ತಿಗೆ ಸುಮಾರು 26 ನ್ಯೂಟನ್ ಎಳೆಯಬೇಕು. ಎಳೆತದ ದಿಕ್ಕು ಬದಲಾದಾಗ ಘರ್ಷಣೆಯ ದಿಕ್ಕೂ ಬದಲಾಗುತ್ತದೆ. ಕೈ ಚಲಿಸಿದರೂ ಕ್ಷಣಕಾಲ ತುದಿ ಕದಲದೆ, ಆಮೇಲೆ ತಟ್ಟನೆ ಜಿಗಿಯುತ್ತದೆ. ಹೊಲಿಯುವಾಗ ತಿರುಗಿಸಿ, ನಿಂತು, ತುಸು ಹಿಂದೆ ಬಂದು ಮತ್ತೆ ತಿರುಗಿಸುವುದು ಸಹಜವಾದ್ದರಿಂದ ಈ ಜಿಗಿತ ಮತ್ತೆ ಮತ್ತೆ ಎದುರಾಗುತ್ತದೆ.

ಇನ್ನೊಂದು ತೊಡಕನ್ನು ಕಾಗದದ ಮೇಲೆ ಗುರುತಿಸುವುದು ಕಷ್ಟ. ಇಕ್ಕಳದ ಬಾಯಿ ಮುಚ್ಚುವ ಕೇಬಲ್ ಕೊಳವೆಯ ನಡು ಅಕ್ಷದಿಂದ 2 ಮಿಲಿಮೀಟರ್ ಪಕ್ಕಕ್ಕೆ ಹಾದಿದೆ ಎನ್ನಿ. ಕೊಳವೆ 60 ಡಿಗ್ರಿ ಬಾಗಿದರೆ ಆ ಕೇಬಲ್ಲಿನ ಹಾದಿ 2 ಮಿಲಿಮೀಟರಿಗಿಂತ ತುಸು ಹೆಚ್ಚೇ ಬದಲಾಗುತ್ತದೆ. ಬಾಗು ಕೇಬಲ್ ಇರುವ ಬದಿಗೇ ಆದರೆ ಎಳೆತ ಸಡಿಲಗೊಂಡು ಹಿಡಿತ ಬಿಡುತ್ತದೆ, ಸೂಜಿ ಹೊಟ್ಟೆಯೊಳಗೆ ಜಾರುತ್ತದೆ. ಮಣಿಕಟ್ಟನ್ನು ಬಾಗಿಸಿದ್ದಕ್ಕೇ ಸೂಜಿ ಬಿದ್ದುಹೋಗುವ ಉಪಕರಣವನ್ನು ಯಾವ ವೈದ್ಯರೂ ನಂಬಲಾರರು. ಬಾಯಿಯ ಕೇಬಲ್ಲನ್ನು ನಡು ಅಕ್ಷದಲ್ಲೇ ಹಾಯಿಸುವುದು ಸರಳ ಪರಿಹಾರ. ಆದರೆ ಆ ಜಾಗಕ್ಕೆ ನಿಟಿನಾಲ್ ಬೆನ್ನೆಲುಬೂ ಹಕ್ಕು ಸಾಧಿಸುವುದರಿಂದ, ಬೆನ್ನೆಲುಬನ್ನೇ ಟೊಳ್ಳು ಕೊಳವೆಯಾಗಿ ಮಾಡಿ ಕೇಬಲ್ಲನ್ನು ಅದರೊಳಗೆ ಕಳುಹಿಸುವುದು ವಾಸಿ.

ಗಂಟು

ಸೂಜಿ ದಾಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಒಂದು ಉಪಕರಣದ ಸುತ್ತ ದಾರವನ್ನು ಸುತ್ತಿ, ಅದೇ ಬಾಯಿಯಿಂದ ದಾರದ ಇನ್ನೊಂದು ತುದಿಯನ್ನು ಹಿಡಿದೆಳೆಯಬೇಕು. ಎರಡು ಉಪಕರಣಗಳು ಒಂದೇ ಕೊಳವೆಯಿಂದ ಸಮಾನಾಂತರವಾಗಿ ಹೊರಬಂದರೆ ಇದು ಅಸಾಧ್ಯಕ್ಕೆ ಹತ್ತಿರ. ಅವು ಮೊದಲು ಮೊಣಕೈಗಳಂತೆ ಹೊರಕ್ಕೆ ಅಗಲಿ, ಮತ್ತೆ ಒಳಕ್ಕೆ ಬಾಗಿ, ಎದುರುಬದುರಾಗಿ ಸೇರಬೇಕು. ಅಂದರೆ ಪ್ರತಿಯೊಂದಕ್ಕೂ ಒಂದಲ್ಲ, ಎರಡು ಬಾಗುಗಳು ಬೇಕು. ಕೇಬಲ್ಲಿನ ಲೆಕ್ಕದಲ್ಲಿ ಒಟ್ಟು ಕೋನ ಮತ್ತೆ ಏರಿತು ಎಂಬುದನ್ನು ಗಮನಿಸಿ.

ಈ ಸರಪಳಿಯನ್ನೇ ತುಂಡರಿಸುವ ವಿನ್ಯಾಸಗಳೂ ಇವೆ. ಎರಡು ದವಡೆಗಳ ನಡುವೆ ಚಿಕ್ಕ ನೇರ ಸೂಜಿಯನ್ನು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ದಾಟಿಸಿದರೆ ವೃತ್ತದ ಹಾದಿಯ ಅಗತ್ಯವೇ ಉಳಿಯುವುದಿಲ್ಲ. ಮುಳ್ಳುಗಳಿರುವ ದಾರವನ್ನು ಬಳಸಿದರೆ ಅದು ಹಿಂದಕ್ಕೆ ಜಾರದು, ಗಂಟಿನ ಗೋಜೂ ತಪ್ಪುತ್ತದೆ. ಆದರೆ ದವಡೆಗಳ ನಡುವೆ ಹಿಡಿಸುವಷ್ಟು ಅಂಗಾಂಶವನ್ನು ಮಾತ್ರ ಹಾಗೆ ಹೊಲಿಯಬಹುದು. ಕಚ್ಚಿನ ಆಳವನ್ನು ನಿರ್ಧರಿಸುವುದು ವೈದ್ಯರ ಕೈಯಲ್ಲ, ದವಡೆಯ ಅಳತೆ.