ಬಿಲ್ಲಿನ ಮೇಲೆ ಲಂಚ ಅಂತ ಬರೆದಿರುವುದಿಲ್ಲ

ಒಂದು ಶನಿವಾರ ಬೆಳಗ್ಗೆ ಜಯನಗರದ ನಮ್ಮ ಆಫೀಸಿಗೆ ಹಳೆಯ ಶಿಷ್ಯೆಯೊಬ್ಬಳು ಬಂದಳು. ನಮ್ಮಲ್ಲೇ ಆರ್ಟಿಕಲ್‌ಶಿಪ್ ಮಾಡಿದವಳು. ಸಿಎ ಪಾಸಾಗಿ ಈಗ ಔಟರ್ ರಿಂಗ್ ರೋಡಿನ ಟೆಕ್ ಪಾರ್ಕ್ ಒಂದರಲ್ಲಿ ಕೆಲಸ. ಕಂಪನಿ ವಿದೇಶದ್ದು. ಸಮುದ್ರದಲ್ಲಿ ಎಣ್ಣೆ, ಗ್ಯಾಸ್ ತೆಗೆಯುವವರಿಗೆ ಹಡಗು, ಯಂತ್ರ, ಜನ ಎಲ್ಲ ಒದಗಿಸುವ ವ್ಯಾಪಾರ. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ ಅವರಿಗೇನು ಕೆಲಸ ಅಂದರೆ, ಹಡಗು ಎಲ್ಲೇ ಇರಲಿ, ಅದರ ಬಿಲ್ಲು ಪಾಸಾಗುವುದು ಇಲ್ಲಿಂದ.

"ಸರ್, ಒಂದು ಬಿಲ್ಲು ನಿದ್ದೆ ಕೆಡಿಸಿದೆ" ಅಂದಳು. ಬಿಲ್ಲಿನ ಕಾಪಿ ತಂದಿರಲಿಲ್ಲ, ತರಲೂಬಾರದು. ಕಂಪನಿ ಹೆಸರು, ವೆಂಡರ್ ಹೆಸರು ಯಾವುದನ್ನೂ ಹೇಳದೆ, ನೆನಪಿನಿಂದ ಒಂದು ಹಾಳೆಯ ಹಿಂದೆ ಬರೆದು ತೋರಿಸಿದಳು. ಕೆಲಸ ನಡೆಯುವುದು ಪಶ್ಚಿಮ ಆಫ್ರಿಕಾದ ಒಂದು ದೇಶದಲ್ಲಿ. ವೆಂಡರ್ ಕಂಪನಿ ನೋಂದಣಿಯಾಗಿರುವುದು ಇನ್ನೊಂದು ದೇಶದಲ್ಲಿ. ದುಡ್ಡು ಹೋಗಬೇಕಾದ ಬ್ಯಾಂಕ್ ಮೂರನೇ ದೇಶದಲ್ಲಿ. ವಿವರದ ಜಾಗದಲ್ಲಿ ಒಂದೇ ಸಾಲು: ಮಾರ್ಕೆಟಿಂಗ್ ಮತ್ತು ಸಲಹಾ ಸೇವೆ. ಮೊತ್ತ, ಕಾಂಟ್ರ್ಯಾಕ್ಟಿನ ಸರಿಯಾಗಿ ಎರಡೂವರೆ ಪರ್ಸೆಂಟ್. ಐದು ಜನರ ಅಪ್ರೂವಲ್, ಐದೂ ಹಸಿರು ಟಿಕ್.

"ಎಲ್ಲ ಅಪ್ರೂವಲ್ ಇದೆ ಸರ್. ನಾನು ತಲೆ ಕೆಡಿಸ್ಕೊಳ್ಳೋದು ತಪ್ಪಾ?"

ತಪ್ಪಲ್ಲ ಅಂದೆ. ಅವಳಿಗೆ ಆಮೇಲೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಈ ಊರಿನಲ್ಲಿ ಇಂಥ ಸೀಟಿನಲ್ಲಿ ಕೂತಿರುವ ಹುಡುಗ ಹುಡುಗಿಯರು ಸಾವಿರಾರು ಜನ ಇದ್ದಾರೆ.

ಇಪ್ಪತ್ತು ವರ್ಷಗಳ ಆಡಿಟ್‌ನಲ್ಲಿ ನಾನು ಕಂಡಿದ್ದು ಇಷ್ಟು. ನಿಜವಾಗಿ ಕೆಲಸ ಮಾಡಿದವನ ಬಿಲ್ಲು ಗಲೀಜಾಗಿರುತ್ತದೆ. ಮಾಸಿದ ಟ್ಯಾಕ್ಸಿ ರಸೀದಿ, ಒಂದು ಕಡೆ ಕೂಡುವುದರಲ್ಲಿ ತಪ್ಪು, ಎಂಟು ಗಂಟೆ ಅಲ್ಲ ಆರೇ ಗಂಟೆ ಅಂತ ಮೇಲ್‌ನಲ್ಲಿ ಜಗಳ. ಮೂರು ಸಲ ವಾಪಸ್ ಹೋಗಿ ನಾಲ್ಕನೇ ಸಲ ಪಾಸಾಗುತ್ತದೆ. ಲಂಚದ ಬಿಲ್ಲು ಹಾಗಲ್ಲ, ಮದುವೆ ಆಮಂತ್ರಣದ ಹಾಗೆ ನೀಟಾಗಿರುತ್ತದೆ. ಯಾರೂ ಚೌಕಾಸಿ ಮಾಡಿರುವುದಿಲ್ಲ, ಯಾರೂ ಪ್ರಶ್ನೆ ಕೇಳಿರುವುದಿಲ್ಲ. ಒಂದು ಪೆನ್ ಸ್ಟ್ಯಾಂಡಿಗೂ ಮೂರು ಕೊಟೇಶನ್ ಕೇಳುವ ಕಂಪನಿ, ಇಷ್ಟು ದೊಡ್ಡ ಮೊತ್ತಕ್ಕೆ ಒಂದು ಮಾತೂ ಆಡಿರುವುದಿಲ್ಲ ಅಂದರೆ ಏನೋ ಇದೆ ಅಂತಲೇ ಅರ್ಥ.

ನಮಗೆ ಇದು ಹೊಸದೇನಲ್ಲ. ಆರ್‌ಟಿಒ ಹತ್ತಿರದ ಏಜೆಂಟನ್ನು ನೆನಪಿಸಿಕೊಳ್ಳಿ. ಸರ್ಕಾರಿ ಫೀ ಇಷ್ಟು, ಏಜೆಂಟನ ಓಡಾಟಕ್ಕೆ ಇಷ್ಟು, ಮಿಕ್ಕಿದ್ದು "ಒಳಗೆ". ಆ ಒಳಗಿನದನ್ನು ನಾವು ಕೇಳಲ್ಲ, ಅವನು ಹೇಳಲ್ಲ. ನಾವು ಕೊಟ್ಟಿದ್ದು ಏಜೆಂಟ್ ಫೀ ಅಷ್ಟೇ ಅಲ್ವಾ, ಲಂಚ ಕೊಟ್ಟಿದ್ದು ನಾವಲ್ಲ. ದೊಡ್ಡ ಕಂಪನಿಗಳೂ ಮಾಡುವುದು ಇದನ್ನೇ. ಮೊತ್ತ ಕೋಟಿ ಡಾಲರ್‌ನಲ್ಲಿರುತ್ತದೆ, ಏಜೆಂಟ್ ಸೂಟು ಹಾಕಿರುತ್ತಾನೆ.

ಎಸ್‌ಬಿಎಂ ಆಫ್‌ಶೋರ್ ಅಂತ ಒಂದು ಡಚ್ ಕಂಪನಿ ಇದೆ. ಎಫ್‌ಪಿಎಸ್‌ಒ ಅನ್ನುವ ಹಡಗುಗಳನ್ನು ಕಟ್ಟಿ ಬಾಡಿಗೆಗೆ ಕೊಡುತ್ತದೆ. ಹಡಗು ಅನ್ನುವುದಕ್ಕಿಂತ ತೇಲುವ ಕಾರ್ಖಾನೆ ಅನ್ನಬೇಕು: ಸಮುದ್ರದ ತಳದಿಂದ ಬಂದದ್ದರಲ್ಲಿ ಎಣ್ಣೆ, ಗ್ಯಾಸ್, ನೀರು ಬೇರೆ ಮಾಡಿ, ಎಣ್ಣೆಯನ್ನು ಹೊಟ್ಟೆಯಲ್ಲಿ ತುಂಬಿಟ್ಟುಕೊಂಡು, ಟ್ಯಾಂಕರ್ ಬಂದಾಗ ಅದಕ್ಕೆ ಸುರಿಯುತ್ತದೆ. ಇಂಥದ್ದನ್ನು ಒಮ್ಮೆ ಲೀಸಿಗೆ ತೆಗೆದುಕೊಂಡರೆ ಹದಿನೈದು, ಇಪ್ಪತ್ತು ವರ್ಷ. ಬಾಡಿಗೆ ದಿನದ ಲೆಕ್ಕ. ಹಾಗಾಗಿ ಒಂದು ಟೆಂಡರ್ ಗೆದ್ದರೆ ಎರಡು ದಶಕ ಚಿಂತೆಯಿಲ್ಲ, ಸೋತರೆ ಇನ್ನೊಂದು ಟೆಂಡರ್ ಯಾವಾಗ ಬರುತ್ತದೋ ಗೊತ್ತಿಲ್ಲ. ಟೆಂಡರ್ ಕೊಡುವವರು ಬಹಳ ಕಡೆ ಸರ್ಕಾರಿ ಎಣ್ಣೆ ಕಂಪನಿಗಳು. ಬ್ರೆಜಿಲ್‌ನಲ್ಲಿ ಪೆಟ್ರೋಬ್ರಾಸ್, ಅಂಗೋಲಾದಲ್ಲಿ ಸೊನಾಂಗೋಲ್. ಅಲ್ಲಿನ ಮ್ಯಾನೇಜರ್ ನಮಗೆ ಕಸ್ಟಮರ್ ಥರ ಕಾಣುತ್ತಾನೆ, ಕಾನೂನಿನ ಕಣ್ಣಿಗೆ ಸರ್ಕಾರಿ ನೌಕರ. ನಮ್ಮ ಒಎನ್‌ಜಿಸಿ ಅಧಿಕಾರಿಯೂ ಹಾಗೇ. ಇದನ್ನು ಮರೆಯುವವರು ಜಾಸ್ತಿ.

2007ರಿಂದ 2011ರವರೆಗೆ ಎಸ್‌ಬಿಎಂ ಏಜೆಂಟರಿಗೆ ಕೊಟ್ಟ ಕಮಿಷನ್ ಸುಮಾರು 20 ಕೋಟಿ ಡಾಲರ್. ಅದರಲ್ಲಿ ಸುಮಾರು 13.9 ಕೋಟಿ ಬ್ರೆಜಿಲ್‌ನ ಏಜೆಂಟ್‌ಗೆ. ಆ ಕಮಿಷನ್ ಕೂಡ ಒಂದೇ ಕಡೆ ಹೋಗುತ್ತಿರಲಿಲ್ಲ. ಒಂದು ಭಾಗ ಬ್ರೆಜಿಲ್‌ನ ಖಾತೆಗೆ, ಇನ್ನೊಂದು ಭಾಗ ಹೊರದೇಶದಲ್ಲಿದ್ದ ಅವನದೇ ಕಂಪನಿಗಳ ಖಾತೆಗೆ. ನಾನು ಆ ಹುಡುಗಿಗೆ ಹೇಳಿದ್ದು, ಇಲ್ಲಿ ನಿಲ್ಲು ಅಂತ. ಒಬ್ಬ ಮನುಷ್ಯ, ಒಂದು ಕೆಲಸ, ಯಾಕೆ ಎರಡು ಖಾತೆ? ಮನೆ ಬಾಡಿಗೆಯಲ್ಲಿ ಅರ್ಧ ಚೆಕ್, ಅರ್ಧ ಕ್ಯಾಶ್ ಕೇಳುವ ಓನರ್ ಗೊತ್ತಲ್ಲ, ಅವನು ಯಾಕೆ ಹಾಗೆ ಕೇಳುತ್ತಾನೆ ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಾ!

2012ರಲ್ಲಿ ಕಂಪನಿಯೇ, ಏಜೆಂಟರಿಗೆ ಕೊಟ್ಟ ಈ ದುಡ್ಡಿನ ಬಗ್ಗೆ ಒಳಗೆ ತನಿಖೆ ನಡೆಯುತ್ತಿದೆ ಅಂತ ಬಾಯಿಬಿಟ್ಟಿತು. 2014ರಲ್ಲಿ ನೆದರ್ಲೆಂಡ್ಸ್‌ಗೆ 24 ಕೋಟಿ ಡಾಲರ್ ಕಟ್ಟಿತು. 2017ರಲ್ಲಿ ಅಮೆರಿಕಕ್ಕೆ ಮತ್ತೆ 23.8 ಕೋಟಿ. ಕೊಟ್ಟ ಕಮಿಷನ್‌ನ ಎರಡು ಪಟ್ಟಿಗಿಂತ ಜಾಸ್ತಿ.

ನನ್ನನ್ನು ಕಾಡುವುದು ದಂಡ ಅಲ್ಲ. ಆ ಕಂಪನಿಯ ಮಾಜಿ ಸಿಇಒಗೆ 2018ರಲ್ಲಿ ಅಮೆರಿಕದ ಕೋರ್ಟು 36 ತಿಂಗಳು ಜೈಲು ವಿಧಿಸಿತು. ಲಂಚದ ಏರ್ಪಾಡು ಶುರುವಾಗಿದ್ದು ಅವನು ಆ ಕುರ್ಚಿಗೆ ಬರುವ ಮೊದಲೇ. ಅವನು ಒಪ್ಪಿಕೊಂಡಿದ್ದೇನೆಂದರೆ, ಆ ಪೇಮೆಂಟ್‌ಗಳಿಗೆ ಒಪ್ಪಿಗೆ ಕೊಟ್ಟೆ, ಅವು ಲಂಚವೋ ಅಲ್ಲವೋ ಅನ್ನುವುದನ್ನು ಬೇಕಂತಲೇ ತಿಳಿದುಕೊಳ್ಳದೆ ಉಳಿದೆ ಅಂತ. "ನಂಗೊತ್ತಿಲ್ಲಪ್ಪ" ಅನ್ನುವುದು ನಮ್ಮಲ್ಲಿ ತಪ್ಪಿಸಿಕೊಳ್ಳುವ ದಾರಿ. ಅಲ್ಲಿ ಅದೇ ಅಪರಾಧವಾಯಿತು.

ಇದಕ್ಕೂ ಮೊದಲಿನದು ನೈಜೀರಿಯಾದ ಬಾನಿ ದ್ವೀಪದ ಗ್ಯಾಸ್ ಸ್ಥಾವರ. ನಾಲ್ಕು ಕಂಪನಿಗಳ ಒಂದು ಕೂಟ 600 ಕೋಟಿ ಡಾಲರ್‌ಗೂ ಮೀರಿದ ಕಾಂಟ್ರ್ಯಾಕ್ಟುಗಳಿಗೋಸ್ಕರ ಇಬ್ಬರು ಏಜೆಂಟರಿಗೆ ಸುಮಾರು 18.2 ಕೋಟಿ ಡಾಲರ್ ಸುರಿದಿತ್ತು. ಯಾರ ಮೂಲಕ ಎಷ್ಟು ತಲುಪಿಸಬೇಕು ಅಂತ ಚರ್ಚೆ ಮಾಡುತ್ತಿದ್ದ ಸಭೆಗಳಿಗೆ ಅವರು ಇಟ್ಟ ಹೆಸರು "ಸಾಂಸ್ಕೃತಿಕ ಸಭೆ". ನಮ್ಮ ರಾಜ್ಯೋತ್ಸವ ಕಮಿಟಿಯವರು ಕೇಳಿದರೆ ಬೇಜಾರು ಮಾಡಿಕೊಂಡಾರು.

ಇವೆಲ್ಲ ಟೆಂಡರ್ ಗೆಲ್ಲುವ ದೊಡ್ಡ ಲಂಚಗಳು. ನಮ್ಮ ಟೇಬಲ್ಲಿಗೆ ಜಾಸ್ತಿ ಬರುವುದು ಸಣ್ಣವು, ಕಸ್ಟಮ್ಸ್ ಥರದ್ದು. ರಿಗ್, ಅಂದರೆ ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ಯಂತ್ರ, ಒಂದು ದಿನ ಸುಮ್ನೆ ನಿಂತರೆ ಲಕ್ಷಗಟ್ಟಲೆ ಡಾಲರ್ ಹೋಗುತ್ತದೆ. ಬೇಕಾದ ಬಿಡಿಭಾಗ ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿದೆ, ಅಧಿಕಾರಿ ಕಾಗದ ನೋಡುತ್ತಲೇ ಇದ್ದಾನೆ. ಸೈಟಿನಲ್ಲಿರುವ ಎಂಜಿನಿಯರ್ ಫೋನಿನಲ್ಲಿ ಕಿರುಚುತ್ತಾನೆ, ಏನಾದ್ರೂ ಮಾಡಿ ಬಿಡಿಸಿ. ಆ "ಏನಾದ್ರೂ" ಅನ್ನುವ ಪದದಲ್ಲೇ ಎಲ್ಲ ಇರುತ್ತದೆ. ಸಾಗಣೆ ಏಜೆಂಟ್ ಬಿಡಿಸುತ್ತಾನೆ, ತಿಂಗಳ ಕೊನೆಗೆ ಬಿಲ್ಲು ಕಳಿಸುತ್ತಾನೆ.

ಪನಾಲ್ಪಿನಾ ಅನ್ನುವ ಸ್ವಿಸ್ ಸಾಗಣೆ ಕಂಪನಿಯ ಕೇಸು ಇದೇ. 2010ರಲ್ಲಿ ಅದೂ, ಅದರ ಸೇವೆ ಪಡೆದ ಎಣ್ಣೆ ಕಂಪನಿಗಳೂ ಸೇರಿ ಏಳು ಕಂಪನಿಗಳು ಅಮೆರಿಕಕ್ಕೆ 23.6 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಿದವು. ನೈಜೀರಿಯಾದ ಕಸ್ಟಮ್ಸ್‌ಗೆ ಹೋದ ಲಂಚಕ್ಕೆ ಬಿಲ್ಲಿನಲ್ಲಿ ಇಟ್ಟ ಹೆಸರುಗಳನ್ನು ನೋಡಿ: ಲೋಕಲ್ ಪ್ರೊಸೆಸಿಂಗ್ ಚಾರ್ಜ್, ಸ್ಪೆಷಲ್ ಇಂಟರ್‌ವೆನ್ಷನ್, ಸ್ಪೆಷಲ್ ಹ್ಯಾಂಡ್ಲಿಂಗ್. ನಮ್ಮ "ಮಾಮೂಲಿ" ಎಷ್ಟೋ ಪ್ರಾಮಾಣಿಕ ಪದ.

ಅದರಲ್ಲಿ ನನಗೆ ಬಹಳ ಇಷ್ಟವಾದ ಕಳ್ಳತನ ಒಂದಿದೆ. ಹೊರಗಿನ ರಿಗ್ಗು ನೈಜೀರಿಯಾದಲ್ಲಿ ಇರಲು ತಾತ್ಕಾಲಿಕ ಆಮದು ಪರ್ಮಿಟ್ ಬೇಕು. ಅವಧಿ ಮುಗಿದರೆ ರಿಗ್ಗು ದೇಶದ ನೀರಿನಿಂದ ಹೊರಗೆ ಹೋಗಿ, ಹೊಸ ಪರ್ಮಿಟ್ ಮಾಡಿಸಿಕೊಂಡು ವಾಪಸ್ ಬರಬೇಕು. ಅಷ್ಟು ದೊಡ್ಡ ಕಬ್ಬಿಣದ ಬೆಟ್ಟವನ್ನು ಎಳೆಯುವುದು ಸುಲಭವಲ್ಲ, ಕೆಲಸವೂ ನಿಲ್ಲುತ್ತದೆ. ಅದಕ್ಕೆ ರಿಗ್ಗು ಇದ್ದಲ್ಲೇ ಇತ್ತು, ಕಾಗದ ಮಾತ್ರ ದೇಶ ಬಿಟ್ಟು ಹೋಗಿ ಬಂತು. ಹೋಗಿದ್ದಕ್ಕೂ ಬಂದಿದ್ದಕ್ಕೂ ಸುಳ್ಳು ದಾಖಲೆ, ಮೇಲೆ ಸೀಲು. ಇದಕ್ಕೆ ಅವರ ಭಾಷೆಯಲ್ಲಿ "ಪೇಪರ್ ಮೂವ್" ಅಂತ ಹೆಸರು. ಬೆಂಗಳೂರಿನಿಂದ ಇದನ್ನು ಹಿಡಿಯುವುದು ಹೇಗೆ? ಸಾಧ್ಯವಿದೆ. ರಿಗ್ಗು ಜಾಗ ಬಿಟ್ಟು ಹೋಗಿದ್ದರೆ ಅದನ್ನು ಎಳೆದ ಟಗ್ ಬೋಟಿನ ಬಿಲ್ಲು ಇರಬೇಕು, ಆ ದಿನಗಳ ಬಾಡಿಗೆ ನಿಂತಿರಬೇಕು. ಪರ್ಮಿಟ್ ಫೀ ಇದೆ, ಟಗ್ ಬಿಲ್ಲು ಇಲ್ಲ ಅಂದರೆ ಮುಗೀತಲ್ಲ. ಕುರ್ಚಿ ಬಿಟ್ಟು ಏಳದೆ ಸಿಗುವ ಸಾಕ್ಷಿ.

ಇಂಡಿಯಾ ಈ ಕಥೆಯಿಂದ ಹೊರಗಿದೆ ಅಂದುಕೊಳ್ಳಬೇಡಿ. ಅದೇ ಏಳರಲ್ಲಿ ಒಂದಾದ ಪ್ರೈಡ್ ಇಂಟರ್‌ನ್ಯಾಷನಲ್ ಒಪ್ಪಿಕೊಂಡಿದ್ದರಲ್ಲಿ, ಇಲ್ಲಿಗೆ ತಂದ ರಿಗ್ಗಿನ ಸುಂಕದ ತಕರಾರಿನಲ್ಲಿ ತನ್ನ ಪರ ತೀರ್ಪು ಬರಲಿ ಅಂತ 2003ರಲ್ಲಿ ನಮ್ಮ ಕಸ್ಟಮ್ಸ್ ಮೇಲ್ಮನವಿ ನ್ಯಾಯಮಂಡಳಿಯ ಒಬ್ಬ ಸದಸ್ಯನಿಗಾಗಿ 5 ಲಕ್ಷ ಡಾಲರ್ ಕೊಟ್ಟಿದ್ದೂ ಸೇರಿತ್ತು.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ. ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು. 2018ರ ತಿದ್ದುಪಡಿ ಆದ ಮೇಲೆ ಕೊಡುವವನಿಗೂ ಏಳು ವರ್ಷದವರೆಗೆ ಜೈಲು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಕಂಪನಿಗೂ ದಂಡ. ಆದರೆ ವಿದೇಶದ ಅಧಿಕಾರಿಗೆ ಲಂಚ ಕೊಟ್ಟರೆ ಅಂತ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. 2011ರಲ್ಲಿ ಒಂದು ಮಸೂದೆ ಲೋಕಸಭೆಗೆ ಬಂದಿತ್ತು, ಕಾಯ್ದೆ ಆಗಲಿಲ್ಲ. ಹಾಗಂತ ಬೆಂಗಳೂರಿನವರು ನಿಶ್ಚಿಂತೆಯಿಂದ ಇರುವಂತಿಲ್ಲ. ವಿದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಅಮೆರಿಕದ 1977ರ ಎಫ್‌ಸಿಪಿಎ ಕಾಯ್ದೆಯಲ್ಲಿ ಎರಡು ಭಾಗ ಇದೆ. ಒಂದು ಲಂಚದ್ದು, ಇನ್ನೊಂದು ಲೆಕ್ಕದ ಪುಸ್ತಕದ್ದು. ಅಲ್ಲಿನ ಷೇರುಪೇಟೆಯಲ್ಲಿರುವ ಕಂಪನಿ ಲಂಚವನ್ನು "ಸಲಹಾ ಸೇವೆ" ಅಂತ ಬರೆದುಕೊಂಡರೆ ಆ ಬರೆದಿದ್ದೇ ಒಂದು ತಪ್ಪು. ಬರೆದುಕೊಳ್ಳುವುದು ಯಾರು? ನಾವೇ ಅಲ್ವಾ.

2025ರ ಫೆಬ್ರವರಿಯಲ್ಲಿ ಅಲ್ಲಿನ ಅಧ್ಯಕ್ಷರು ಆ ಕಾಯ್ದೆಯ ಜಾರಿಗೆ ತಡೆ ಹಾಕಿದಾಗ ಕೆಲವರು ನನಗೆ ಫೋನ್ ಮಾಡಿ, ಸರ್ ಇನ್ನು ನಮ್ಮ ಕೆಲಸ ಹೋಯ್ತಾ ಅಂತ ನಕ್ಕರು. ಜೂನ್‌ನಲ್ಲಿ ಹೊಸ ಮಾರ್ಗಸೂಚಿ ಬಂತು, ಕಾಯ್ದೆ ಹಾಗೇ ಇದೆ. ಅದೂ ಅಲ್ಲದೆ, ಎಸ್‌ಬಿಎಂ ಮೊದಲು ದಂಡ ಕಟ್ಟಿದ್ದು ಅಮೆರಿಕಕ್ಕಲ್ಲ, ನೆದರ್ಲೆಂಡ್ಸ್‌ಗೆ.

ಸರಿ, ಆ ಹುಡುಗಿಯ ಬಿಲ್ಲು. ಏಜೆಂಟ್ ಅಂದಕೂಡಲೇ ಕಳ್ಳ ಅಂತ ನಾನು ಹೇಳಲಿಲ್ಲ. ಭಾಷೆ, ದಾರಿ ಗೊತ್ತಿಲ್ಲದ ದೇಶದಲ್ಲಿ ಏಜೆಂಟ್ ಬೇಕೇ ಬೇಕು. ಲಂಚ ಅನ್ನುವ ಪದವನ್ನೂ ಎತ್ತಬೇಡ ಅಂದೆ. ಒಂದೇ ಪ್ರಶ್ನೆ ಕೇಳು: ಈತ ಮಾಡಿದ ಕೆಲಸ ಏನು, ತೋರಿಸಿ. ವರದಿ, ಮೀಟಿಂಗಿನ ಟಿಪ್ಪಣಿ, ಹೋಗಿ ಬಂದ ಟಿಕೆಟ್, ಏನಿದ್ದರೂ ಸರಿ. ಫೋನಿನಲ್ಲಿ ಬೇಡ, ಸಿಸ್ಟಮ್ ಒಳಗೇ ಬರೆದು ಹೋಲ್ಡ್ ಹಾಕು. ಕಂಪನಿ ಕಾನೂನು ಪಾಲಿಸುತ್ತಿದೆಯಾ ಅಂತ ನೋಡುವ ಕಂಪ್ಲಯನ್ಸ್‌ನವರಿಗೆ ಒಂದು ಕಾಪಿ. ಐದು ಹಸಿರು ಟಿಕ್‌ಗೆ ಹೆದರಬೇಡ, ಎರಡನೆಯವನು ಮೊದಲನೆಯವನನ್ನು ನಂಬಿ ಒತ್ತಿರುತ್ತಾನೆ, ಐದನೆಯವನು ಮೊದಲಿನ ನಾಲ್ವರನ್ನು ನೋಡಿ ಒತ್ತಿರುತ್ತಾನೆ.

ಸೋಮವಾರ ಹೋಲ್ಡ್ ಹಾಕಿದಳಂತೆ. ಹನ್ನೊಂದು ನಿಮಿಷದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್‌ನಿಂದ ಮೇಲ್, ತುಂಬಾ ಅರ್ಜೆಂಟ್, ದಯವಿಟ್ಟು ಬಿಡುಗಡೆ ಮಾಡಿ. ಕೆಲಸದ ದಾಖಲೆ ಮಾತ್ರ ಬರಲಿಲ್ಲ. ಇವಳೂ ಬಿಡಲಿಲ್ಲ. ಆಮೇಲೆ ವೆಂಡರ್ ಆ ಬಿಲ್ಲನ್ನು ತಾನಾಗಿಯೇ ವಾಪಸ್ ತೆಗೆದುಕೊಂಡ.

ಮೂರು ವಾರ ಬಿಟ್ಟು ಹೊಸದೊಂದು ಬಂತು. ಬೇರೆ ವೆಂಡರ್ ಹೆಸರು. ಮೊತ್ತ ಒಂದು ಡಾಲರ್ ಕೂಡ ಹೆಚ್ಚುಕಡಿಮೆ ಇಲ್ಲ, ಬ್ಯಾಂಕೂ ಅದೇ. ವಿವರದಲ್ಲಿ ಈಗ ಲಾಜಿಸ್ಟಿಕ್ಸ್ ಸಪೋರ್ಟ್ ಅಂತ ಇತ್ತು. ಅವಳು ಹಳೆಯ ಪ್ರಶ್ನೆಯನ್ನೇ ಕಾಪಿ ಮಾಡಿ ಅಂಟಿಸಿ, ಮತ್ತೆ ಹೋಲ್ಡ್ ಒತ್ತಿದಳಂತೆ.