ಹಾಸ್ಟೆಲ್‌ಗೆ ಒಂದು ಲೈನ್, ಕಚೇರಿಗೆ ಇನ್ನೊಂದು: ಸ್ವಿಚ್‌ಗೆ ಪಾಲಿಸಿ ರೂಟಿಂಗ್ ಬಂದ ಬಗೆ

ತುಮಕೂರು ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು ಎಂದುಕೊಳ್ಳಿ. ಕಾಲೇಜಿಗೇ ಮೀಸಲಾದ ದುಬಾರಿ ಲೀಸ್ಡ್ ಲೈನ್ ಒಂದು, ಅಗ್ಗದ ಫೈಬರ್ ಬ್ರಾಡ್‌ಬ್ಯಾಂಡ್ ಒಂದು. ರಸ್ತೆ ಬದಿ ಜೆಸಿಬಿ ಅಗೆದು ಒಂದು ಕೇಬಲ್ ತುಂಡಾದರೆ ಇನ್ನೊಂದಿರಲಿ ಎಂದು ಹಾಕಿಸಿದ್ದು. ಆದರೆ ದಿನನಿತ್ಯದ ಟ್ರಾಫಿಕ್ಕೆಲ್ಲ ಲೀಸ್ಡ್ ಲೈನ್ ಮೇಲೆಯೇ. ಸಂಜೆ ಹಾಸ್ಟೆಲ್‌ನಲ್ಲಿ ವಿಡಿಯೊ ಶುರುವಾದರೆ ಕಚೇರಿಯಲ್ಲಿ ಪರೀಕ್ಷಾ ಪೋರ್ಟಲ್ ತೆರೆಯುವುದಿಲ್ಲ. ಬ್ರಾಡ್‌ಬ್ಯಾಂಡ್ ಮಾತ್ರ ಖಾಲಿ ಬಿದ್ದಿರುತ್ತದೆ.

ಕಾರಣ ರೂಟಿಂಗ್‌ನ ಮೂಲ ಸ್ವಭಾವ. ಅಂಚೆಯವರು ಲಕೋಟೆಯ ‘ಗೆ’ ವಿಳಾಸ ನೋಡುತ್ತಾರೆಯೇ ಹೊರತು ‘ಇಂದ’ ನೋಡುವುದಿಲ್ಲವಲ್ಲ, ರೂಟರ್ ಕೂಡ ಹಾಗೆಯೇ. ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಎಲ್ಲಿಗೆ ಹೋಗಬೇಕು ಎಂಬುದಷ್ಟೇ ಅದಕ್ಕೆ ಮುಖ್ಯ. ಡಿಫಾಲ್ಟ್ ರೂಟ್ (ಬೇರೆ ದಾರಿ ಹೇಳದಿದ್ದಾಗಿನ ದಾರಿ) ಲೀಸ್ಡ್ ಲೈನ್ ಕಡೆಗಿದ್ದರೆ ಪ್ರಿನ್ಸಿಪಾಲರ ಪ್ಯಾಕೆಟ್ಟೂ ಹಾಸ್ಟೆಲ್ ಹುಡುಗನ ಪ್ಯಾಕೆಟ್ಟೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಪ್ಯಾಕೆಟ್ ಯಾರಿಂದ ಬಂತು ಎಂಬುದನ್ನೂ ನೋಡಿ, ನಾವು ಹೇಳಿದ ನಿಯಮದಂತೆ ದಾರಿ ಆರಿಸುವುದೇ ಪಾಲಿಸಿ ರೂಟಿಂಗ್.

ಈ ತಕರಾರು ಹಳೆಯದು. ಅಮೆರಿಕದ ಎನ್‌ಎಸ್‌ಎಫ್‌ನೆಟ್ ಸರ್ಕಾರಿ ಹಣದಲ್ಲಿ ಶಿಕ್ಷಣ, ಸಂಶೋಧನೆಗೆಂದು ನಡೆಯುತ್ತಿದ್ದ ಜಾಲ. ಅದರ ಮೇಲೆ ವ್ಯಾಪಾರಿ ಟ್ರಾಫಿಕ್‌ಗೆ ನಿರ್ಬಂಧವಿತ್ತು. ವಿಳಾಸ ಮಾತ್ರ ನೋಡುವ ರೂಟರ್‌ಗೆ ಇಂಥ ನಿಯಮ ಹೇಳಿಕೊಡುವುದು ಹೇಗೆ? 1989ರ ಮೇ ತಿಂಗಳಲ್ಲಿ ಡೇವಿಡ್ ಕ್ಲಾರ್ಕ್ ಆರ್‌ಎಫ್‌ಸಿ (ಇಂಟರ್‌ನೆಟ್ ತಂತ್ರಜ್ಞಾನದ ದಾಖಲೆ) 1102ರಲ್ಲಿ, ಜೂನ್‌ನಲ್ಲಿ ಹ್ಯಾನ್ಸ್-ವರ್ನರ್ ಬ್ರೌನ್ ಆರ್‌ಎಫ್‌ಸಿ 1104ರಲ್ಲಿ ಚರ್ಚಿಸಿದ್ದು ಇದನ್ನೇ. ಸಂಸ್ಥೆ ಸಂಸ್ಥೆಗಳ ನಡುವಿನ ನೀತಿಯನ್ನು ಮುಂದೆ ಬಿಜಿಪಿ ಎಂಬ ರೂಟಿಂಗ್ ಪ್ರೋಟೋಕಾಲ್ ವಹಿಸಿಕೊಂಡಿತು. ಒಂದೇ ಪೆಟ್ಟಿಗೆಯೊಳಗಿನ ನೀತಿ 1990ರ ದಶಕದ ನಡುವೆ ಸಿಸ್ಕೊ ರೂಟರ್‌ಗಳಲ್ಲಿ ರೂಟ್-ಮ್ಯಾಪ್ ಎಂಬ ನಿಯಮಪಟ್ಟಿಯ ರೂಪದಲ್ಲಿ ಬಂತು. 1999ರ ಲಿನಕ್ಸ್ 2.2 ಕರ್ನಲ್ ಹಲವು ರೂಟಿಂಗ್ ಟೇಬಲ್‌ಗಳನ್ನೂ ‘ಐಪಿ ರೂಲ್’ ಆಜ್ಞೆಯನ್ನೂ ಕೊಟ್ಟಿತು. ನಮ್ಮಲ್ಲಿ 2010ರಲ್ಲಿ ಮಂಜೂರಾದ ರಾಷ್ಟ್ರೀಯ ಜ್ಞಾನ ಜಾಲದ ಸಂಪರ್ಕ ಪಡೆದ ಸಂಸ್ಥೆಗಳಿಗೂ ಎದುರಾಗುವುದು ಅದೇ ಪ್ರಶ್ನೆ: ಸಂಶೋಧನೆಗೆಂದು ಕೊಟ್ಟ ಲೈನ್‌ನಲ್ಲಿ ಹಾಸ್ಟೆಲ್ ಸಿನಿಮಾ ಓಡಬೇಕೆ?

ಆರಂಭದ ರೂಟರ್‌ಗಳಲ್ಲಿ ಈ ಕೆಲಸವನ್ನು ಸಿಪಿಯು ಮಾಡುತ್ತಿತ್ತು. ಟ್ರಾಫಿಕ್ ಏರಿದರೆ ಪೆಟ್ಟಿಗೆಯೇ ಏದುಸಿರು ಬಿಡುತ್ತಿತ್ತು. ರೂಟಿಂಗ್ ಕೂಡ ಮಾಡಬಲ್ಲ ಲೇಯರ್ 3 ಸ್ವಿಚ್‌ಗಳು ಬಂದ ಮೇಲೆ ನಿಯಮಗಳು ಟಿಕ್ಯಾಮ್ ಎಂಬ ವಿಶೇಷ ಮೆಮೊರಿಗೆ ಇಳಿದವು, ವೇಗದ ಚಿಂತೆ ಹೋಯಿತು. ಆದರೆ ಟಿಕ್ಯಾಮ್ ಜಾಗ ಸೀಮಿತ. ಇಂದಿನ ಬಹುಪಾಲು ತೊಂದರೆಗಳ ಬೇರು ಅಲ್ಲಿದೆ.

ಸಿಸ್ಕೊದ ಹಳೆಯ ಕ್ಯಾಟಲಿಸ್ಟ್ 3560, 3750 ಸ್ವಿಚ್‌ಗಳು ಈಗಲೂ ಎಷ್ಟೋ ರ‍್ಯಾಕ್‌ಗಳಲ್ಲಿವೆ. ಅವುಗಳಲ್ಲಿ ಮೊದಲು ‘ಶೋ ಎಸ್‌ಡಿಎಂ ಪ್ರಿಫರ್’ ಕೊಟ್ಟು ನೋಡಬೇಕು. ಟಿಕ್ಯಾಮ್ ಜಾಗ ಹಂಚುವ ಡಿಫಾಲ್ಟ್ ಟೆಂಪ್ಲೇಟ್‌ನಲ್ಲಿ ಪಾಲಿಸಿ ರೂಟಿಂಗ್‌ಗೆ ಜಾಗವೇ ಇಲ್ಲ. ‘ಎಸ್‌ಡಿಎಂ ಪ್ರಿಫರ್ ರೂಟಿಂಗ್’ ಕೊಟ್ಟು ಸ್ವಿಚ್ ರೀಲೋಡ್ ಮಾಡಬೇಕು, ಎಂದರೆ ಕ್ಯಾಂಪಸ್ ಜಾಲ ಅಷ್ಟು ಹೊತ್ತು ಬಂದ್, ಭಾನುವಾರ ಇಟ್ಟುಕೊಳ್ಳಿ. ಐಪಿ ಸರ್ವಿಸಸ್ ಮಟ್ಟದ ಸಾಫ್ಟ್‌ವೇರ್ ಕೂಡ ಬೇಕು.

ಹಾಸ್ಟೆಲ್‌ನ ವಿಎಲ್ಯಾನ್ (ಸ್ವಿಚ್‌ನೊಳಗಿನ ಪ್ರತ್ಯೇಕ ಜಾಲ) 30, ಅದರ ವಿಳಾಸ 192.168.30.0/24, ಬ್ರಾಡ್‌ಬ್ಯಾಂಡ್ ರೂಟರ್ 192.168.100.2 ಎಂದಿಟ್ಟುಕೊಳ್ಳೋಣ. ಯಾವ ಪ್ಯಾಕೆಟ್ ಎಂದು ಗುರುತಿಸುವ ಎರಡು ಆಕ್ಸೆಸ್ ಲಿಸ್ಟ್ ಬೇಕು. ಒಂದರಲ್ಲಿ ಹಾಸ್ಟೆಲ್‌ನಿಂದ ಕ್ಯಾಂಪಸ್ಸಿನ 192.168.0.0/16ಕ್ಕೆ ಹೋಗುವುದು, ಇನ್ನೊಂದರಲ್ಲಿ ಹಾಸ್ಟೆಲ್‌ನಿಂದ ಎಲ್ಲಿಗಾದರೂ ಹೋಗುವುದು. ರೂಟ್-ಮ್ಯಾಪ್‌ನ 10ನೇ ಕ್ರಮಾಂಕಕ್ಕೆ ಮೊದಲನೆಯ ಲಿಸ್ಟ್ ಮಾತ್ರ, ‘ಸೆಟ್’ ಸಾಲು ಇಲ್ಲದೆ. ಸೆಟ್ ಇಲ್ಲದಿದ್ದರೆ ಸಾಮಾನ್ಯ ರೂಟಿಂಗ್ ನಡೆಯುತ್ತದೆ. 20ನೇ ಕ್ರಮಾಂಕಕ್ಕೆ ಎರಡನೆಯ ಲಿಸ್ಟ್, ಜೊತೆಗೆ ‘ಸೆಟ್ ಐಪಿ ನೆಕ್ಸ್ಟ್-ಹಾಪ್ 192.168.100.2’, ಎಂದರೆ ಮುಂದಿನ ನಿಲ್ದಾಣ ಬ್ರಾಡ್‌ಬ್ಯಾಂಡ್ ರೂಟರ್. ಕೊನೆಗೆ ‘ಇಂಟರ್‌ಫೇಸ್ ವಿಎಲ್ಯಾನ್ 30’ ಅಡಿಯಲ್ಲಿ ‘ಐಪಿ ಪಾಲಿಸಿ ರೂಟ್-ಮ್ಯಾಪ್’. ಪಾಲಿಸಿ ಹತ್ತುವುದು ಪ್ಯಾಕೆಟ್ ಒಳಬರುವ ಕಡೆ. ಬ್ರಾಡ್‌ಬ್ಯಾಂಡ್‌ಗೆ ಹೊರಡುವ ಪೋರ್ಟ್‌ಗೆ ಹಚ್ಚಿದರೆ ಹಾಸ್ಟೆಲ್ ಟ್ರಾಫಿಕ್ ಹಳೆಯ ದಾರಿಯಲ್ಲೇ ಉಳಿಯುತ್ತದೆ.

ಆ 10ನೇ ಸಾಲನ್ನು ಮರೆಯುವವರೇ ಹೆಚ್ಚು. ಮರೆತರೆ ಗೂಗಲ್ ತೆರೆಯುತ್ತದೆ, ಪಕ್ಕದ ಕಟ್ಟಡದ ಲೈಬ್ರರಿ ಸರ್ವರ್ ತೆರೆಯುವುದಿಲ್ಲ, ಗೇಟ್‌ವೇಗೆ ಪಿಂಗ್ ಕೂಡ ಹೋಗದೆ ಇರಬಹುದು. ಇದನ್ನು ‘ಡಿನೈ’ (ಇದಕ್ಕೆ ಅನ್ವಯಿಸಬೇಡ) ಸಾಲಿನಿಂದ ಸರಿಪಡಿಸಲು ಹೊರಟರೆ ಈ ಹಳೆಯ ಮಾದರಿಗಳಲ್ಲಿ ಇನ್ನೊಂದು ಗುಂಡಿ ಕಾದಿರುತ್ತದೆ: ಆಕ್ಸೆಸ್ ಲಿಸ್ಟ್‌ನ ಡಿನೈ ಸಾಲಿಗೆ ಸಿಕ್ಕ ಪ್ಯಾಕೆಟ್‌ಗಳು ಸಿಪಿಯು ಪಾಲಾಗಿ ಸ್ವಿಚ್ ತೆವಳತೊಡಗುತ್ತದೆ.

ಸ್ವಿಚ್ ಕಡೆ ಎಲ್ಲ ಸರಿಯಿದ್ದೂ ಇಂಟರ್‌ನೆಟ್ ಬರದಿದ್ದರೆ ಬ್ರಾಡ್‌ಬ್ಯಾಂಡ್ ರೂಟರ್‌ನಲ್ಲಿ ವಾಪಸು ದಾರಿ ಇದೆಯೇ ನೋಡಿ. 192.168.30.0/24 ಸ್ವಿಚ್ ಹಿಂದಿದೆ ಎಂಬ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಅಲ್ಲಿರಬೇಕು. ವಿಳಾಸ ಬದಲಿಸುವ ನ್ಯಾಟ್ ಕೂಡ ಅಲ್ಲೇ ಆಗಬೇಕು. ಈ ಸ್ವಿಚ್‌ಗಳು ನ್ಯಾಟ್ ಮಾಡುವುದಿಲ್ಲ. ಲೀಸ್ಡ್ ಲೈನ್‌ನ ಪಬ್ಲಿಕ್ ವಿಳಾಸ ಹೊತ್ತ ಪ್ಯಾಕೆಟ್ಟನ್ನು ಬ್ರಾಡ್‌ಬ್ಯಾಂಡ್‌ಗೆ ತಳ್ಳಿದರೂ ಪ್ರಯೋಜನವಿಲ್ಲ. ತಮ್ಮದಲ್ಲದ ಮೂಲ ವಿಳಾಸವನ್ನು ತಡೆಯಿರಿ ಎಂದು 2000ದ ಆರ್‌ಎಫ್‌ಸಿ 2827 ಸೇವಾದಾರರಿಗೆ ಹೇಳಿದೆ, ಅದನ್ನು ಪಾಲಿಸುವವರು ಆ ಪ್ಯಾಕೆಟ್ಟನ್ನು ಬಿಸಾಕುತ್ತಾರೆ.

ಇನ್ನು ಜೆಸಿಬಿ ವಿಚಾರ. ನೆಕ್ಸ್ಟ್-ಹಾಪ್ ರೂಟರ್ ಆಫ್ ಆದರೆ ಸ್ವಿಚ್ ಸಾಮಾನ್ಯ ರೂಟ್‌ಗೆ ಮರಳುತ್ತದೆ. ಆದರೆ ಫೈಬರ್ ತುಂಡಾಗುವುದು ಹೊರಗಡೆ. ರೂಟರ್ ದೀಪ ಉರಿಯುತ್ತಲೇ ಇರುತ್ತದೆ, ಪ್ಯಾಕೆಟ್‌ಗಳು ಅದರೊಳಗೆ ಹೋಗಿ ಸಾಯುತ್ತವೆ. ಅದಕ್ಕೇ ಆಗಾಗ ತಾನೇ ಪರೀಕ್ಷಿಸುವ ಐಪಿ ಎಸ್‌ಎಲ್‌ಎ ಪಿಂಗ್ ಇಟ್ಟು, ಅದರ ಟ್ರ್ಯಾಕ್ ಸಂಖ್ಯೆಯನ್ನು ನೆಕ್ಸ್ಟ್-ಹಾಪ್‌ನ ‘ವೆರಿಫೈ-ಅವೈಲಬಿಲಿಟಿ’ಗೆ ಜೋಡಿಸುವುದು. ನಿಮ್ಮ ಮಾದರಿಯಲ್ಲಿ ಇದು ಉಂಟೇ ಎಂದು ಕೊಳ್ಳುವ ಮೊದಲೇ ಕೇಳಿ. ಪಿಂಗ್ ಮಾಡುವ ವಿಳಾಸಕ್ಕೆ ಬ್ರಾಡ್‌ಬ್ಯಾಂಡ್ ಮೂಲಕವೇ /32 (ಆ ಒಂದೇ ವಿಳಾಸದ) ಸ್ಟ್ಯಾಟಿಕ್ ರೂಟ್ ಹಾಕದಿದ್ದರೆ ಆ ಪಿಂಗ್ ಲೀಸ್ಡ್ ಲೈನ್‌ನಲ್ಲಿ ಹೋಗಿ ‘ಎಲ್ಲ ಸರಿಯಿದೆ’ ಎಂದು ಸುಳ್ಳು ವರದಿ ಕೊಡುತ್ತಿರುತ್ತದೆ. ಹಾಗೆಂದು ಗೂಗಲ್‌ನ 8.8.8.8 ಆರಿಸಬೇಡಿ: ಬ್ರಾಡ್‌ಬ್ಯಾಂಡ್ ಬಿದ್ದ ದಿನ ಅದನ್ನೇ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ಸೇವೆ) ಮಾಡಿಕೊಂಡ ಕಚೇರಿ ಕಂಪ್ಯೂಟರ್‌ಗಳೂ ಕೂತುಬಿಡುತ್ತವೆ. ಸೇವಾದಾರರದೇ ಗೇಟ್‌ವೇ ವಿಳಾಸ ವಾಸಿ.

ಪರೀಕ್ಷೆಯನ್ನು ಹಾಸ್ಟೆಲ್‌ನ ಲ್ಯಾಪ್‌ಟಾಪಿನಿಂದ, ಪ್ಯಾಕೆಟ್‌ನ ದಾರಿ ತೋರಿಸುವ ಟ್ರೇಸ್‌ರೂಟ್ ಕೊಟ್ಟೇ ಮಾಡಬೇಕು. ಸ್ವಿಚ್‌ನ ಕನ್ಸೋಲಿನಿಂದ ಹೊರಡುವ ಪಿಂಗ್‌ಗೆ ವಿಎಲ್ಯಾನ್ 30ರ ಪಾಲಿಸಿ ಅನ್ವಯಿಸುವುದಿಲ್ಲ. ‘ಶೋ ರೂಟ್-ಮ್ಯಾಪ್’ ಎಣಿಕೆ ಸೊನ್ನೆ ತೋರಿಸಿತೆಂದು ಗಾಬರಿಯಾಗಬೇಕಿಲ್ಲ. ಹಾರ್ಡ್‌ವೇರ್‌ನಲ್ಲಿ ಸಾಗಿದ ಪ್ಯಾಕೆಟ್‌ಗಳು ಆ ಲೆಕ್ಕಕ್ಕೆ ಬರದೆ ಇರಬಹುದು. ಎಣಿಕೆ ಭರಭರ ಏರುತ್ತಿದ್ದರೆ, ಪ್ಯಾಕೆಟ್‌ಗಳು ಸಿಪಿಯುಗೆ ಹೋಗುತ್ತಿವೆಯೇ ಎಂದು ‘ಶೋ ಪ್ರೊಸೆಸಸ್ ಸಿಪಿಯು’ ನೋಡಿ.